ಈ ಹೊಲ ಯಾರದು?

‘ಹೆಣ್ಣು, ಹೊನ್ನು, ಮಣ್ಣು, ಲೋಕದ ಜಗಳವೆಲ್ಲ ಈ ಮೂರಕ್ಕೆ’ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಹೊನ್ನು ಮಣ್ಣುಗಳ ಸಾಲಿನಲ್ಲಿ ಹೆಣ್ಣನ್ನೂ ಕೂರಿಸಿದ್ದಕ್ಕೆ ನನಗೆ ಮೊದಲಿನಿಂದಲೂ ಸಿಟ್ಟಿದೆ. ಅದನ್ನು ಇನ್ನೊಮ್ಮೆ ಬರೆದೇನು. ಈಗ ಹೇಳಹೊರಟಿರುವುದು ಮಣ್ಣಿನ ಮಾತು. ಅದೂ ಪಿರಿಯಾಪಟ್ಟಣ ತಾಲ್ಲೂಕಿನ 2 ಎಕರೆ 14 ಗುಂಟೆ ಮಣ್ಣಿನ ಮಾತು.

ಆ ಹೊಲ ನಮ್ಮಪ್ಪನದು. ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ನಾನು ಹುಣಸೂರಿನಲ್ಲಿ ಮೇಷ್ಟ್ರಮ್ಮನಾಗಿ ಸಂಸಾರ ಹೂಡಿದೆ. ಇಬ್ಬರು ತಮ್ಮಂದಿರಲ್ಲಿ ಒಬ್ಬ ಮೈಸೂರಿಗೆ, ಇನ್ನೊಬ್ಬ ಬೆಂಗಳೂರಿಗೆ ಹೋದರು. ಈಗ ಅವರಿಬ್ಬರೂ ಸೇರಿ ಹೊಲವನ್ನು ಬೆಂಗಳೂರಿನವರೊಬ್ಬರಿಗೆ ಮಾರಲು ಮಾತಾಡಿದ್ದಾರೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನು ತಿದ್ದುಪಡಿಯಾದ ಮೇಲೆ ಹೆಣ್ಣುಮಕ್ಕಳ ಸಹಿ ಇಲ್ಲದ ಜಮೀನನ್ನು ಕೊಳ್ಳುವವರು ಮುಟ್ಟುವುದಿಲ್ಲ. ಆದ್ದರಿಂದ ನನ್ನ ಸಹಿ ಬೇಕು. ಕಾಗದ ಪತ್ರವೆಲ್ಲ ನಮ್ಮ ಮನೆಯ ಮೇಜಿನ ಮೇಲೆ ಬಂದು ಕೂತಿದೆ.

ಸಹಿ ಹಾಕಲು ಎಷ್ಟು ಹೊತ್ತು? ಹಾಜರಿ ಪುಸ್ತಕಕ್ಕೆ ದಿನವೂ ಹಾಕುತ್ತೇನೆ. ಆದರೆ ಕ್ರಯಪತ್ರದ ಕರಡಿನಲ್ಲಿ ಒಂದು ಸಾಲಿದೆ. ಈ ಸ್ವತ್ತು ನಮಗೆ ಸಂಪೂರ್ಣ ಹಕ್ಕಿನಿಂದ ಸೇರಿದ್ದು, ಇದರಲ್ಲಿ ಬೇರೆ ಯಾರಿಗೂ ಯಾವ ಹಕ್ಕೂ ಇಲ್ಲ ಎಂಬ ಅರ್ಥದ ಸಾಲು. ಎಲ್ಲ ಕ್ರಯಪತ್ರಗಳಲ್ಲೂ ಅದು ಇರುತ್ತದಂತೆ, ಬರೆಯುವವರು ಯೋಚಿಸದೆ ಬರೆಯುತ್ತಾರೆ, ಕೊಳ್ಳುವವರು ಓದದೆ ಬಿಡುತ್ತಾರೆ. ನಾನು ಓದಿಬಿಟ್ಟೆ. ಸಮಾಜ ವಿಜ್ಞಾನದ ಟೀಚರಿಗೆ ಇರುವ ಕೆಟ್ಟ ಚಾಳಿ ಇದು. ಒಂದು ತುಂಡು ನೆಲ ಒಬ್ಬರಿಗೆ ‘ಸಂಪೂರ್ಣವಾಗಿ’ ಸೇರುವುದು ಯಾವಾಗ? ಗೆದ್ದಾಗಲೇ, ದುಡ್ಡು ಕೊಟ್ಟಾಗಲೇ, ಬೆವರು ಸುರಿಸಿದಾಗಲೇ, ಅಥವಾ ಯಾರೂ ಕೇಳದಷ್ಟು ವರ್ಷ ಕಳೆದುಹೋದಾಗಲೇ?

ಪ್ರತಿ ವರ್ಷ ಎಂಟನೇ ತರಗತಿಯ ಮಕ್ಕಳನ್ನು ಪಿರಿಯಾಪಟ್ಟಣದ ಕೋಟೆ ನೋಡಲು ಕರೆದುಕೊಂಡು ಹೋಗುವುದು ನಮ್ಮ ಶಾಲೆಯ ರೂಢಿ. ಹುಣಸೂರಿನಿಂದ ಮಡಿಕೇರಿ ರಸ್ತೆಯಲ್ಲಿ ಅರ್ಧ ಗಂಟೆ. ಮಕ್ಕಳಿಗೆ ಕೋಟೆಗಿಂತ ಚುರುಮುರಿಯ ಮೇಲೆ ಕಣ್ಣು, ಅದು ಬೇರೆ ಮಾತು. ನಾನು ಮಾತ್ರ ಅಲ್ಲಿ ನಿಂತು ಚಂಗಾಳ್ವರ ಕಥೆ ಹೇಳುತ್ತೇನೆ. ಇಂದಿನ ಹುಣಸೂರು, ಪಿರಿಯಾಪಟ್ಟಣ ಮತ್ತು ಕೊಡಗಿನ ಒಂದು ಭಾಗವನ್ನು ಆಳಿದ ಮನೆತನ ಅದು. ಹನಸೋಗೆಯಲ್ಲಿ ಹನ್ನೊಂದನೇ ಶತಮಾನದ ಅವರ ಶಾಸನಗಳಿವೆ, ಜೈನ ಬಸದಿ ಇದೆ. ಮೊದಲು ಜೈನರನ್ನು ಪೋಷಿಸಿದ ಅವರು ಆಮೇಲೆ ಶಿವನನ್ನು ಹಿಡಿದರು. ಚೋಳರು ಬಂದಾಗ ಚೋಳರಿಗೆ, ಹೊಯ್ಸಳರು ಬಂದಾಗ ಹೊಯ್ಸಳರಿಗೆ, ವಿಜಯನಗರದವರು ಬಂದಾಗ ಅವರಿಗೆ ತಲೆಬಾಗಿ, ಹೇಗೋ ಆರೇಳು ನೂರು ವರ್ಷ ಈ ನೆಲ ಬಿಟ್ಟುಕೊಡದೆ ಉಳಿದರು. ಪಿರಿಯರಾಜನೆಂಬ ಅರಸು ಕಟ್ಟಿದ ಪಟ್ಟಣವೇ ಪಿರಿಯಾಪಟ್ಟಣ. 

1645ರ ಸುಮಾರಿಗೆ ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿತು. ಕೊನೆಯ ಅರಸು ವೀರರಾಜ, ಇನ್ನು ಉಳಿಯಲಾರೆ ಎಂದು ಕಂಡಾಗ ತನ್ನ ಹೆಂಡಿರು ಮಕ್ಕಳನ್ನು ತಾನೇ ಕೊಂದು, ಕತ್ತಿ ಹಿರಿದು ಹೊರಗೆ ನುಗ್ಗಿ ಸತ್ತನೆಂದು ಚರಿತ್ರೆ ಬರೆದವರು ಹೇಳುತ್ತಾರೆ. ಇದನ್ನು ಶೌರ್ಯದ ಕಥೆಯಾಗಿ ಹೇಳುವವರುಂಟು. ನನಗೆ ಆ ಹೆಂಡಿರದೇ ಯೋಚನೆ. ಅವರನ್ನು ಯಾರಾದರೂ ಕೇಳಿದರೇ? ನೆಲದ ಜೊತೆಗೆ ಅವರೂ ಶತ್ರುವಿನ ವಶವಾಗುವ ಆಸ್ತಿ ಎಂದಲ್ಲವೇ ಆತ ಲೆಕ್ಕ ಹಾಕಿದ್ದು?

ಆಮೇಲೆ ಕೋಟೆ ಮೈಸೂರಿನದು. ಕೊಡಗಿನವರೂ ಅದು ತಮ್ಮದೆಂದರು. ಟಿಪ್ಪು ಸುಲ್ತಾನ ಕೊಡಗಿನ ರಾಜಮನೆತನದವರನ್ನು ಇದೇ ಕೋಟೆಯಲ್ಲಿ ಸೆರೆಯಿಟ್ಟಿದ್ದ. 1788ರಲ್ಲಿ ವೀರರಾಜೇಂದ್ರ ಇಲ್ಲಿಂದಲೇ ತಪ್ಪಿಸಿಕೊಂಡು ಹೋದ. 1799ರ ಮಾರ್ಚ್‌ನಲ್ಲಿ ಇಲ್ಲಿಗೆ ಸಮೀಪದ ಸಿದ್ದೇಶ್ವರದ ಬಳಿ ಟಿಪ್ಪುವಿನ ಸೈನ್ಯಕ್ಕೂ ಕಂಪನಿಯ ಬೊಂಬಾಯಿ ಸೈನ್ಯಕ್ಕೂ ಯುದ್ಧವಾಯಿತು. ಎರಡು ತಿಂಗಳಲ್ಲಿ ಶ್ರೀರಂಗಪಟ್ಟಣವೂ ಬಿತ್ತು. ಅದರ ಮರುವರ್ಷ ಈ ಸೀಮೆಯನ್ನೆಲ್ಲ ಸುತ್ತಿ ಬರೆದಿಟ್ಟವನು ಫ್ರಾನ್ಸಿಸ್ ಬುಕಾನನ್ ಎಂಬ ಕಂಪನಿ ಸರ್ಕಾರದ ವೈದ್ಯ. ಆತ ಬಂದಾಗ ಪಿರಿಯಾಪಟ್ಟಣದ ಕೋಟೆ ಪಾಳುಬಿದ್ದು, ಒಳಗೆಲ್ಲ ಹುಲಿಗಳು ಸೇರಿಕೊಂಡಿದ್ದವಂತೆ. ದಾರಿ ತಪ್ಪಿ ಒಳಗೆ ಹೋದ ಕುದುರೆಯೊಂದು ಹುಲಿಯ ಬಾಯಿಗೆ ಬಿತ್ತಂತೆ. ಹಗಲಿನಲ್ಲೂ ಒಬ್ಬರೇ ಹೋಗಲು ಜನ ಹೆದರುತ್ತಿದ್ದರಂತೆ. ಏಳು ನೂರು ವರ್ಷ ರಾಜರು ತಮ್ಮದು ತಮ್ಮದು ಎಂದು ಬಡಿದಾಡಿದ ಜಾಗದಲ್ಲಿ ಯಾವ ಸನ್ನದೂ ಇಲ್ಲದೆ ಹುಲಿ ಮಲಗಿತ್ತು.

ಈ ಮಾತು ಹೇಳಿದಾಗ ಮಕ್ಕಳು ಖುಷಿಪಡುತ್ತಾರೆ. ಒಂದು ವರ್ಷ ಒಬ್ಬ ಹುಡುಗಿ ಎದ್ದು ನಿಂತು, ‘ಮಿಸ್, ಆ ಚಂಗಾಳ್ವರು ಯಾರ ಹತ್ರ ಕೊಂಡ್ಕೊಂಡ್ರು?’ ಎಂದಳು. ತಂಬಾಕು ಬೆಳೆಗಾರರ ಮನೆಯ ಹುಡುಗಿ, ಮನೆಯಲ್ಲಿ ಹೊಲ ಕೊಳ್ಳುವ ಮಾರುವ ಮಾತು ಕೇಳಿಕೊಂಡು ಬೆಳೆದವಳು. ಯಾರ ಹತ್ತಿರವೂ ಕೊಳ್ಳಲಿಲ್ಲ ಮಗು, ಕಾಡು ಕಡಿದು ಊರು ಮಾಡಿದವರನ್ನು ಗೆದ್ದರು ಎಂದೆ. ‘ಹಂಗಾದ್ರೆ ಕಾಡು ಯಾರದ್ದಾಗಿತ್ತು?’ ಬಸ್ಸಿಗೆ ಹೊತ್ತಾಯಿತು ಎಂದು ಮಕ್ಕಳನ್ನು ಹೊರಡಿಸಿದೆ.

ನಮ್ಮ ಶಾಲೆಯ ಲೈಬ್ರರಿಗೆ ಯಾರೋ ಪುಣ್ಯಾತ್ಮರು ದಾನ ಕೊಟ್ಟ ಪುಸ್ತಕಗಳಲ್ಲಿ ಯೂರೋಪಿನ ಹಳೆಯ ಬಂಗಲೆಗಳ ಪುಸ್ತಕವೊಂದಿದೆ. ಡೆನ್ಮಾರ್ಕ್ ದೇಶದ ಹಳ್ಳಿಗಾಡಿನಲ್ಲಿ ನಾಲ್ಕೈದು ನೂರು ವರ್ಷಗಳ ಜಮೀನ್ದಾರಿ ಮನೆಗಳು ಇಂದಿಗೂ ನಿಂತಿವೆ. ಸುತ್ತ ಕಂದಕ, ಕೆಂಪು ಇಟ್ಟಿಗೆಯ ಗೋಡೆ, ಮುಂದೆ ಸಾಲುಮರ. ಯಾರು ಕಟ್ಟಿಸಿದರು, ಯಾವ ಸೊಸೆಯ ಜೊತೆ ಯಾವ ಊರು ಬಳುವಳಿಯಾಗಿ ಬಂತು, ಯಾರು ಸಾಲ ತೀರಿಸಲಾರದೆ ಮಾರಿದರು, ಎಲ್ಲಕ್ಕೂ ಕಾಗದವಿದೆ. ಓದುತ್ತ ಹೋದರೆ ಹೊಟ್ಟೆಕಿಚ್ಚಾಗುತ್ತದೆ. ಆದರೆ ಅದೇ ದೇಶದ ಚರಿತ್ರೆಯ ಇನ್ನೊಂದು ಮಗ್ಗುಲಿದೆ. 1733ರಲ್ಲಿ ಅಲ್ಲಿ ಒಂದು ಕಾನೂನು ಮಾಡಿ, ರೈತರ ಗಂಡುಮಕ್ಕಳು ತಾವು ಹುಟ್ಟಿದ ಜಮೀನ್ದಾರಿ ಬಿಟ್ಟು ಹೋಗುವಂತಿಲ್ಲ ಎಂದರು. ಮೊದಲು ಹದಿನಾಲ್ಕರಿಂದ ಮೂವತ್ತಾರು ವಯಸ್ಸಿನವರಿಗೆ, ಆಮೇಲೆ ನಾಲ್ಕು ವರ್ಷದ ಕೂಸಿನಿಂದ ಹಿಡಿದು ನಲವತ್ತರವರೆಗೆ. ನೆಲ ಜನರದ್ದಾಗುವ ಬದಲು ಜನರೇ ನೆಲದವರಾದರು. 1788ರಲ್ಲಿ ಅದನ್ನು ತೆಗೆದುಹಾಕಲು ತೀರ್ಮಾನವಾಯಿತು (ವೀರರಾಜೇಂದ್ರ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡ ವರ್ಷವೂ ಅದೇ). ವಂಶಪಾರಂಪರ್ಯವಾಗಿ ಒಡೆಯದೆ ಬಂದ ದೊಡ್ಡ ಎಸ್ಟೇಟುಗಳು ತಮ್ಮ ಜಮೀನಿನ ಒಂದು ಭಾಗವನ್ನು ಬಡ ರೈತರಿಗಾಗಿ ಬಿಟ್ಟುಕೊಡಬೇಕೆಂಬ ಕಾನೂನು ಅಲ್ಲಿ ಬಂದದ್ದು 1919ರಲ್ಲಿ.

ನಮ್ಮಲ್ಲಿ ಅಂಥ ಬಂಗಲೆ ಉಳಿದಿಲ್ಲ. ಆದರೆ ಆ ಕಾನೂನಿಗೆ ಸಮನಾದ ಕಾನೂನು ಮಾಡಿದವರು ನಮ್ಮ ಹುಣಸೂರಿನವರೇ. ಕಲ್ಲಹಳ್ಳಿಯ ದೇವರಾಜ ಅರಸು 1915ರಲ್ಲಿ ಹುಟ್ಟಿದವರು, ಅರಸು ಮನೆತನದವರು, ತಾವೂ ಜಮೀನಿದ್ದವರು. ಮುಖ್ಯಮಂತ್ರಿಯಾಗಿ ಅವರು ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನೆಲ್ಲ ಅಂದಿನಿಂದ ಸರ್ಕಾರದ್ದು. ಉಳುತ್ತಿದ್ದವನು ಫಾರಂ ನಂಬರ್ 7 ತುಂಬಿ ಕೊಟ್ಟರೆ ಅವನದ್ದು. ತಾಲ್ಲೂಕಿಗೊಂದು ಭೂ ನ್ಯಾಯಮಂಡಳಿ. ಅದರ ಮುಂದೆ ವಕೀಲರು ಬರುವಂತಿಲ್ಲ, ರೈತನೇ ನಿಂತು ಹೇಳಬೇಕು. ರಾಜ್ಯದಲ್ಲಿ ಎಂಟು ಲಕ್ಷದಷ್ಟು ಅರ್ಜಿಗಳು ಬಿದ್ದವು.

ಅವುಗಳಲ್ಲಿ ನಮ್ಮಪ್ಪನದೂ ಒಂದು. ನಾನಾಗ ಪ್ರೈಮರಿ ಶಾಲೆಯಲ್ಲಿದ್ದೆ. ನಮ್ಮ ತಾತನ ಕಾಲದಿಂದ ನಾವು ಆ ಹೊಲವನ್ನು ಗುತ್ತಿಗೆಗೆ ಮಾಡುತ್ತಿದ್ದೆವು. ಒಡತಿ ಒಬ್ಬ ವಿಧವೆ, ಪೇಟೆಯ ಅಗ್ರಹಾರದ ಬೀದಿಯಲ್ಲಿದ್ದವರು, ಮಕ್ಕಳಿಲ್ಲ. ಸುಗ್ಗಿ ಆದಮೇಲೆ ಅಪ್ಪ ರಾಗಿ ಮೂಟೆಯನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿ ಅವರ ಜಗುಲಿಯ ಕೆಳಗೆ ನಿಂತು, ‘ಅಮ್ಮಾವ್ರೇ’ ಎಂದು ಕೂಗಬೇಕು. ಜಗುಲಿ ಹತ್ತುವಂತಿರಲಿಲ್ಲ. ಆಕೆ ಮೂಟೆ ಎಣಿಸಿ ಒಳಗೆ ಹಾಕಿಸಿಕೊಂಡು, ಎತ್ತರದಿಂದ ಬೊಗಸೆಗೆ ನೀರುಮಜ್ಜಿಗೆ ಹೊಯ್ಯುತ್ತಿದ್ದರು. ಕೆಟ್ಟವರಲ್ಲ. ಮಳೆ ಕೈಕೊಟ್ಟ ವರ್ಷ ಅರ್ಧ ಬಿಟ್ಟದ್ದೂ ಉಂಟು. ಕೆಟ್ಟದ್ದು ಇದ್ದದ್ದು ಆ ಎತ್ತರದಲ್ಲಿ.

ತೀರ್ಮಾನ ಅಪ್ಪನ ಕಡೆಗಾಯಿತು. ಹೊಲದ ಖಾತೆ ನಮ್ಮ ಹೆಸರಿಗೆ ಬಂದ ದಿನ ಮನೆಯಲ್ಲಿ ಪಾಯಸ. ಅಪ್ಪ ಆ ಕಾಗದವನ್ನು ಮಸಣಿಕಮ್ಮನ ಗುಡಿಗೆ ತೆಗೆದುಕೊಂಡು ಹೋಗಿ ದೇವರ ಮುಂದಿಟ್ಟು ಪೂಜೆ ಮಾಡಿಸಿಕೊಂಡು ಬಂದರು. ಆ ಹೊಲದ ರಾಗಿಯಲ್ಲಿ ಗುತ್ತಿಗೆಗೆ ಹೋಗುತ್ತಿದ್ದ ಪಾಲು ಮನೆಯಲ್ಲೇ ಉಳಿಯತೊಡಗಿತು. ನಾನು ಹೈಸ್ಕೂಲಿಗೆ, ಆಮೇಲೆ ಮೈಸೂರಿಗೆ ಬಿ.ಎ. ಓದಲು ಹೋದದ್ದು ಅದರಿಂದ. ಬಿ.ಎಡ್. ಫೀಸು ಕಟ್ಟಿದ್ದು ಅದೇ ಹೊಲದ ಹೊಗೆಸೊಪ್ಪಿನ ದುಡ್ಡಿನಲ್ಲಿ. ನನ್ನ ಮೇಜು, ಕುರ್ಚಿ, ಸಂಬಳ, ಈಗ ಬರೆಯುತ್ತಿರುವ ಈ ಅಕ್ಷರ, ಎಲ್ಲದರ ಬುಡದಲ್ಲಿ ಫಾರಂ ನಂಬರ್ 7 ಇದೆ. ಆ ಕಾನೂನನ್ನು ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಸಹಿಸಲಾಗುವುದಿಲ್ಲ.

ಆದರೆ ಆ ಅಗ್ರಹಾರದಮ್ಮ? ಬಂದ ಪರಿಹಾರ ಆಕೆಯ ಎರಡು ವರ್ಷದ ಊಟಕ್ಕೂ ಸಾಲಲಿಲ್ಲವಂತೆ. ಆಕೆಗೆ ನೂರಾರು ಎಕರೆಯೇನೂ ಇರಲಿಲ್ಲ, ಇದ್ದದ್ದು ಇದೊಂದೇ. ಕಾನೂನಿನ ಕಣ್ಣಿಗೆ ದೊಡ್ಡ ಜಮೀನ್ದಾರನೂ ಎರಡೆಕರೆಯ ವಿಧವೆಯೂ ಒಂದೇ ಸಾಲಿನಲ್ಲಿ ನಿಂತರು. ಆಕೆ ಹಪ್ಪಳ ಸಂಡಿಗೆ ಮಾಡಿ ಮಾರತೊಡಗಿದರು. ನಮ್ಮವ್ವ ಪ್ರತಿ ಸಂಕ್ರಾಂತಿಗೆ ಒಂದು ಮೊರದ ತುಂಬ ಅವರೆಕಾಯಿ, ಒಂದು ಚೀಲ ರಾಗಿ ಕಳಿಸುತ್ತಿದ್ದಳು. ಅಪ್ಪನಿಗೆ ಅದು ಸರಿಬರುತ್ತಿರಲಿಲ್ಲ. ‘ಮೂವತ್ತು ವರ್ಷ ನಾವು ಹಾಕಿದ ಗುತ್ತಿಗೇಲಿ ಅವ್ರು ಕೂತು ಉಂಡಿಲ್ವಾ? ಇನ್ನೂ ಯಾವ ಬಾಕಿ?’ ಎನ್ನುತ್ತಿದ್ದರು. ಅವ್ವ ಮೊರಕ್ಕೆ ಕಾಯಿ ತುಂಬುತ್ತಲೇ, ‘ಕಾಗ್ದ ನಮ್ದಾಯ್ತು ಅಂತ ಅವ್ರ ಹೊಟ್ಟೆ ತುಂಬ್ತದಾ?’ ಎನ್ನುತ್ತಿದ್ದಳು.

ಎಷ್ಟೋ ವರ್ಷ ಈ ಎರಡು ಮಾತುಗಳಲ್ಲಿ ಯಾವುದು ಸರಿ ಎಂದು ತೂಗಿ ನೋಡಿದ್ದೇನೆ. ಅಪ್ಪನದು ಲೆಕ್ಕದ ಮಾತು, ಅದು ತಪ್ಪಲ್ಲ. ದುಡಿದವನಿಗೆ ನೆಲ ಸೇರಬೇಕು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಅವ್ವನ ಮಾತು ಬೇರೆ ಕಡೆಯಿಂದ ಬಂದದ್ದು. ನೆಲ ಯಾರದು ಎಂದು ಅವಳು ಕೇಳಲೇ ಇಲ್ಲ. ನೆಲ ಕೈಬದಲಾದಾಗ ಯಾರ ಒಲೆ ಆರಿತು ಎಂದು ಕೇಳಿದಳು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ನ್ಯಾಯಮಂಡಳಿಯಲ್ಲಿ ಅವಳನ್ನು ಯಾರೂ ಏನೂ ಕೇಳಿರಲೂ ಇಲ್ಲ.

ಇಲ್ಲಿ ಒಂದು ಅಡ್ಡಮಾತು. ‘ಉಳುವವನೇ ಹೊಲದೊಡೆಯ’ ಎಂಬುದು ಆ ಕಾಲದ ಘೋಷಣೆ, ನೀವೂ ಗೋಡೆಗಳ ಮೇಲೆ ಓದಿರುತ್ತೀರಿ. ಉಳುವವನು ಸರಿ. ಬಿತ್ತನೆ ರಾಗಿ ಹಸನು ಮಾಡಿದವಳು, ಕಳೆ ಕಿತ್ತವಳು, ಪೈರು ನೆಟ್ಟವಳು, ತೆನೆ ಕೊಯ್ದವಳು, ಬ್ಯಾರನ್ನಿನ ಮುಂದೆ ರಾತ್ರಿಯೆಲ್ಲ ಕೂತು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿದವಳು, ಇವಳು ಯಾವುದರ ಒಡತಿ? ನೇಗಿಲು ಹಿಡಿಯುವುದು ವರ್ಷಕ್ಕೆ ಕೆಲವು ದಿನ. ಉಳಿದ ದಿನಗಳ ಕೆಲಸ ಅವಳದು. ಆ ಕಾಗದದಲ್ಲಿ ಅವ್ವನ ಹೆಸರಿರಲಿಲ್ಲ. ಅವಳೂ ಅದನ್ನು ಒಂದು ದಿನವೂ ಎತ್ತಿ ಆಡಲಿಲ್ಲ. ನಾನು ಆಡುತ್ತಿದ್ದೇನೆ.

ಸಮಯ ಕಳೆದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳುವವರಿದ್ದಾರೆ. ಕಂಠೀರವ ಒಡೆಯರು ಗೆದ್ದದ್ದು ಅನ್ಯಾಯವೋ ನ್ಯಾಯವೋ ಎಂದು ಇಂದು ಯಾರೂ ಕೇಸು ಹಾಕುವುದಿಲ್ಲ. ಹಾಕಲು ಚಂಗಾಳ್ವರ ವಾರಸುದಾರರು ಎಲ್ಲಿದ್ದಾರೆ? ಹೆಗ್ಗಡದೇವನಕೋಟೆಯ ಕಡೆ ಹೋದರಂತೂ ಊರಿಗೂರೇ ನೀರಿನಡಿಯಲ್ಲಿದೆ. ಕಪಿಲಾ ನದಿಯ ದಂಡೆಯ ಕಿತ್ತೂರು ಒಂದು ಕಾಲದಲ್ಲಿ ಕೀರ್ತಿಪುರವಾಗಿತ್ತು, ಪುನ್ನಾಟ ರಾಜ್ಯದ ರಾಜಧಾನಿ. ಎರಡನೇ ಶತಮಾನದ ಗ್ರೀಕ್ ಭೂಗೋಳಕಾರ ಟಾಲೆಮಿಗೂ ಪುನ್ನಾಟದ ಹೆಸರು ಗೊತ್ತಿತ್ತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದಾಗ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳ ಜೊತೆ ಅದೂ ಮುಳುಗಿತು. ಗಮನಿಸಿ, ನಮ್ಮಪ್ಪನಿಗೆ ಹೊಲ ಕೊಟ್ಟ ಕಾನೂನು ಬಂದದ್ದೂ ಅದೇ 1974ರಲ್ಲಿ. ಒಂದು ಕೈಯಲ್ಲಿ ರೈತನಿಗೆ ನೆಲ, ಇನ್ನೊಂದು ಕೈಯಲ್ಲಿ ನೆಲಕ್ಕೆ ನೀರು. ಕೆಳಗಿನ ಗದ್ದೆಗಳು ಹಸಿರಾದವು, ಮೇಲಿನ ಊರುಗಳು ಮುಳುಗಿದವು.

ಅಲ್ಲೇ ಕಾಕನಕೋಟೆಯ ಕಾಡು. ಮಹಾರಾಜರ ಕಾಲದಲ್ಲಿ ವೈಸರಾಯರಿಗೆ ತೋರಿಸಲೆಂದು ಆನೆ ಹಿಡಿಯುವ ಖೆಡ್ಡಾ ನಡೆಯುತ್ತಿದ್ದ ಜಾಗ. ಕೊನೆಯ ಖೆಡ್ಡಾ ಆದದ್ದು 1971ರಲ್ಲಿ. ಆನೆಯ ಜಾಡು ಹಿಡಿದು, ಹಿಂಡನ್ನು ಅಟ್ಟಿಕೊಂಡು ಬರುತ್ತಿದ್ದವರು ಜೇನುಕುರುಬರು, ಕಾಡುಕುರುಬರು. ಮಾಸ್ತಿಯವರು ‘ಕಾಕನಕೋಟೆ’ ನಾಟಕ ಬರೆದದ್ದು ಇವರ ಮೇಲೆಯೇ. ರಾಜರಿಗೆ ಅದು ಬೇಟೆಯ ಕಾಡು, ಬ್ರಿಟಿಷರಿಗೆ ತೇಗದ ಕಾಡು, 1972ರ ವನ್ಯಜೀವಿ ಕಾಯ್ದೆಯ ನಂತರ ಹುಲಿಯ ಕಾಡು. ಕುರುಬರಿಗೆ ಮಾತ್ರ ಅದು ಮನೆ. ಅವರನ್ನೇ ಹೊರಗೆ ಕಳಿಸಿದ್ದು. ನಾಗರಹೊಳೆಯಿಂದ ಬಂದ ಹಾಡಿಗಳ ಜನ ನಮ್ಮ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿದ್ದಾರೆ. ಅವರ ಮಕ್ಕಳಿಗೆ ನಾನು ಪಾಠ ಹೇಳಿದ್ದೇನೆ. ಇವರು ಉಳುವವರೂ ಅಲ್ಲ, ಗುತ್ತಿಗೆ ಕಟ್ಟಿದವರೂ ಅಲ್ಲ, ಕೋಟೆ ಗೆದ್ದವರಂತೂ ಅಲ್ಲವೇ ಅಲ್ಲ; ನಮ್ಮ ಯಾವ ಫಾರಮ್ಮಿನಲ್ಲೂ ಇವರ ಹಕ್ಕು ತುಂಬಲು ಕಾಲಂ ಇರಲಿಲ್ಲ. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂದಮೇಲೆ ಕಾಲಂ ಬಂತು. 2025ರ ಮೇ ತಿಂಗಳಲ್ಲಿ ಕೆಲವು ಜೇನುಕುರುಬ ಕುಟುಂಬಗಳು ನಾಗರಹೊಳೆಯೊಳಗಿನ ತಮ್ಮ ಹಳೆಯ ಜಾಗಕ್ಕೆ ವಾಪಸು ಹೋಗಿ, ಇದು ನಮ್ಮ ಹಿರಿಯರ ಸಮಾಧಿ ಇರುವ ನೆಲ ಎಂದು ಗುಡಿಸಲು ಹಾಕಿ ಕೂತವು. ದಶಕಗಳು ಕಳೆದಿದ್ದವು. ಸಮಯ ಕಳೆದರೆ ಸರಿಹೋಗುತ್ತದೆ ಎನ್ನುವವರು ಅವರನ್ನು ಹೋಗಿ ಕೇಳಬೇಕು. ಚಂಗಾಳ್ವರ ಅನ್ಯಾಯ ಮುಗಿದದ್ದು ಕಾಲ ಕಳೆದದ್ದರಿಂದಲ್ಲ, ಅಳುವವರು ಯಾರೂ ಉಳಿಯದೆ ಹೋದದ್ದರಿಂದ. ಅಳುವವರು ಇರುವವರೆಗೆ ನೂರು ವರ್ಷವೂ ಸಾಲದು.

ಹಾಗಾದರೆ ಯಾರ ನೆಲವೂ ಯಾರದೂ ಅಲ್ಲ, ಎಲ್ಲರೂ ನಾಲ್ಕು ದಿನದ ನೆಂಟರು ಎಂದು ಬಿಡೋಣವೇ? ನಮ್ಮಲ್ಲಿ ಈ ವೈರಾಗ್ಯದ ಮಾತಿಗೆ ಬಹಳ ಬೆಲೆ. ಸಾವಿನ ಮನೆಯಲ್ಲಿ ಕೂತು, ಕೊನೆಗೆ ಬೇಕಾದ್ದು ಆರಡಿ ಮೂರಡಿ ಎಂದು ಹೇಳಿ ತಲೆಯಾಡಿಸುತ್ತೇವೆ. ನಾನು ಕಂಡಂತೆ ಈ ಮಾತನ್ನು ಹೇಳುವವರಿಗೆ ಸಾಮಾನ್ಯವಾಗಿ ಹತ್ತೆಕರೆ ಇರುತ್ತದೆ. ಇಲ್ಲದವರು ಹೇಳಿದ್ದನ್ನು ನಾನು ಕೇಳಿಲ್ಲ. ಒಡೆತನ ಮಾಯೆ ಎಂದ ಮಾತ್ರಕ್ಕೆ ಯಾರೂ ಪಹಣಿಯಿಂದ ಹೆಸರು ತೆಗೆಸಿದ್ದನ್ನೂ ಕಂಡಿಲ್ಲ. ನೆಲ ಶಾಶ್ವತವಾಗಿ ಯಾರದೂ ಅಲ್ಲ ಎಂಬುದು ನಿಜವೇ ಇರಬಹುದು. ಆದರೆ ಈ ವರ್ಷದ ರಾಗಿ ಯಾರದ್ದಾದರೂ ಆಗಲೇಬೇಕು, ಅದನ್ನು ಯಾರೋ ಒಬ್ಬರು ಉಣ್ಣಬೇಕು. ಬೈಲುಕುಪ್ಪೆಯ ಟಿಬೆಟಿನವರನ್ನು ನೋಡಿ. 1961ರಿಂದ ಅವರು ಬಂದು ನೆಲೆಸಿದರು, ಸರ್ಕಾರ ಮೂರು ಸಾವಿರ ಎಕರೆಯಷ್ಟು ಕಾಡುನೆಲ ಗುತ್ತಿಗೆಯಾಗಿ ಕೊಟ್ಟಿತು. ಅರವತ್ತು ವರ್ಷಗಳಿಂದ ಅಲ್ಲಿ ಜೋಳ ಬೆಳೆಯುತ್ತಿದ್ದಾರೆ, ಮಕ್ಕಳು ಮೊಮ್ಮಕ್ಕಳು ಹುಟ್ಟಿದ್ದಾರೆ. ಆ ನೆಲ ಅವರದೇ ಎಂಬ ಕ್ರಯಪತ್ರವಿಲ್ಲದೆಯೂ ಅನ್ನ ಹುಟ್ಟಿದೆ. ಅನ್ನಕ್ಕೆ ಒಡೆತನ ಬೇಕಿಲ್ಲ ಎನ್ನಬಹುದು. ಆದರೆ ನಾಳೆ ಬಿಡಿ ಎಂದರೆ ಎಂಬ ಹೆದರಿಕೆ ಕಾಗದವಿಲ್ಲದ ಅನ್ನದ ಜೊತೆ ಯಾವಾಗಲೂ ಇರುತ್ತದೆ. ಅದು ಏನೆಂದು ನಮ್ಮಪ್ಪನಿಗೆ ಗೊತ್ತಿತ್ತು.

ಈಗ ನಮ್ಮ ಹೊಲಕ್ಕೆ ಮರಳಿ ಬರುತ್ತೇನೆ. ಅದನ್ನು ಇಂದು ಮಾಡುತ್ತಿರುವವಳು ನಮ್ಮೂರಿನ ಒಬ್ಬ ಹೆಂಗಸು. ನಾನು ಚಿಕ್ಕವ್ವ ಎಂದು ಕರೆಯುತ್ತೇನೆ, ರಕ್ತಸಂಬಂಧವಲ್ಲ. ಹದಿನಾರು ವರ್ಷದಿಂದ ವಾರಕ್ಕೆ ಮಾಡುತ್ತಿದ್ದಾಳೆ. ಮೊದಲು ಗಂಡನ ಜೊತೆ, ಅವನು ಹೋದಮೇಲೆ ಮಗನ ಜೊತೆ. ಬೀಜ ಗೊಬ್ಬರ ನಮ್ಮದು, ಮೈಮುರಿಯುವುದು ಅವರದು, ಬೆಳೆ ಸಮಪಾಲು. ಇದಕ್ಕೆ ಕಾಗದವಿಲ್ಲ. ಇರುವಂತೆಯೂ ಇಲ್ಲ, ಏಕೆಂದರೆ ಗೇಣಿಗೆ ಕೊಡುವುದನ್ನೇ 1974ರ ಕಾನೂನು ನಿಷೇಧಿಸಿದೆ. ಗೇಣಿದಾರನನ್ನು ಕಾಪಾಡಲು ಬಂದ ಕಾನೂನು ಅದು. ಈಗಿನ ಗೇಣಿದಾರಳು ಅದರ ಕಣ್ಣಿಗೆ ಇಲ್ಲವೇ ಇಲ್ಲ. ಕೃಷಿಕರಲ್ಲದವರು ಜಮೀನು ಕೊಳ್ಳಬಾರದೆಂದು ಅದೇ ಕಾನೂನಿನಲ್ಲಿದ್ದ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದರು. ಆದ್ದರಿಂದ ಬೆಂಗಳೂರಿನವರು ಬಂದು ಕೊಳ್ಳಬಹುದು. ಆ ಬೆಂಗಳೂರಿನವರು ಒಳ್ಳೆಯವರೇ. ನನ್ನ ಕೈಯಿಂದ ಕಾಫಿ ಕುಡಿದು, ಮಾವಿನ ಗಿಡ ಹಾಕುತ್ತೇವೆ, ಶನಿವಾರ ಭಾನುವಾರ ಬಂದು ಇರಲು ಒಂದು ಪುಟ್ಟ ಮನೆ ಕಟ್ಟುತ್ತೇವೆ ಎಂದರು. ನೋಡಿಕೊಳ್ಳಲು ಆಳು ಬೇಕಾದರೆ ಊರಿನವರನ್ನೇ ಇಟ್ಟುಕೊಳ್ಳುತ್ತಾರಂತೆ.

ತಮ್ಮಂದಿರದೂ ತಪ್ಪಲ್ಲ. ದೊಡ್ಡವನಿಗೆ ಮಗಳ ಇಂಜಿನಿಯರಿಂಗ್ ಸಾಲ ತಲೆಯ ಮೇಲಿದೆ, ಚಿಕ್ಕವನು ಮನೆಯ ಕಂತು ಕಟ್ಟಲಾರದೆ ಒದ್ದಾಡುತ್ತಿದ್ದಾನೆ. ಹೊಲದಿಂದ ಬರುವುದು ವರ್ಷಕ್ಕೆ ನಾಲ್ಕು ಮೂಟೆ ರಾಗಿ, ಸ್ವಲ್ಪ ಹುರುಳಿ, ಅವರೆ. ಮಾರಬೇಡಿ ಎಂದು ನಾನು ಹೇಳಲಿಲ್ಲ. ಹೇಳಿದ್ದಿಷ್ಟ
ೇ. ನನ್ನ ಪಾಲಿಗೆ ಮೂವತ್ತೊಂದು ಗುಂಟೆ ಬರುತ್ತದೆ, ಅದರಲ್ಲಿ ಹತ್ತು ಗುಂಟೆಯನ್ನು ಚಿಕ್ಕವ್ವನ ಹೆಸರಿಗೆ, ಅವಳ ಮಗನ ಹೆಸರಿಗಲ್ಲ, ಅವಳದೇ ಹೆಸರಿಗೆ ರಿಜಿಸ್ಟರ್ ಮಾಡಿಕೊಟ್ಟು, ಉಳಿದದ್ದಕ್ಕೆ ಸಹಿ ಹಾಕುತ್ತೇನೆ. 

ಚಿಕ್ಕ ತಮ್ಮ ಫೋನಿನಲ್ಲಿ ನಕ್ಕ. ‘ಅಕ್ಕ, ಹದಿನಾರು ವರ್ಷ ಅರ್ಧ ಬೆಳೆ ಕೊಟ್ಟಿಲ್ವಾ? ಇನ್ಯಾವ ಬಾಕಿ?’ ಎಂದ. ನನಗೆ ಅಪ್ಪನ ದನಿಯೇ ಕೇಳಿದಂತಾಯಿತು. ದೊಡ್ಡವನು ನಗಲಿಲ್ಲ. ಕೊಳ್ಳುವವರಿಗೆ ಇಡೀ ಹೊಲ ಒಂದೇ ತುಂಡಾಗಿ ಬೇಕಂತೆ, ಮೂಲೆ ಬಿಟ್ಟರೆ ದರ ಇಳಿಯುತ್ತದಂತೆ, ಆ ನಷ್ಟ ಯಾರು ತುಂಬುತ್ತಾರೆ ಎಂದು ಕೇಳಿದ. ಅದು ನ್ಯಾಯವಾದ ಪ್ರಶ್ನೆ. ರಸ್ತೆಯಿಂದ ದೂರದ, ಹಿಂದಿನ ಬದಿಯ ಹತ್ತು ಗುಂಟೆ ಕೊಟ್ಟು ಇಳಿದ ದರವನ್ನು ನನ್ನ ಪಾಲಿನಲ್ಲಿ ಮುರಿದುಕೊಳ್ಳಿ ಎಂದೆ. ನಮ್ಮ ಯಜಮಾನರು ಈ ವಿಷಯದಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ, ಪೇಪರ್ ಓದುತ್ತಿದ್ದಾರೆ. ತಮ್ಮನ ಹೆಂಡತಿ ನನ್ನ ಜೊತೆ ಮಾತು ಬಿಟ್ಟು ಮೂರು ವಾರವಾಯಿತು. ಹತ್ತು ಗುಂಟೆಯಲ್ಲಿ ಒಬ್ಬರ ಸಂಸಾರ ನಡೆಯುತ್ತದೆಯೇ ಎಂದು ನೀವು ಕೇಳಬಹುದು. ನಡೆಯುವುದಿಲ್ಲ. ಸೊಪ್ಪು, ತರಕಾರಿ, ಒಂದು ಹಸು ಕಟ್ಟಲು ಜಾಗ, ಇಷ್ಟಾಗುತ್ತದೆ. ಆಳಾಗಿ ಕರೆದರೆ ಬರುವುದಿಲ್ಲ ಎನ್ನಲು ಆಗುತ್ತದೆ. 

ಚಿಕ್ಕವ್ವನಿಗೆ ಹೇಳಲು ಕಳೆದ ಭಾನುವಾರ ಊರಿಗೆ ಹೋಗಿದ್ದೆ. ನಾಲ್ಕು ಜನರ ಮುಂದೆ ನನ್ನನ್ನು ‘ಮೇಡಮ್ಮಾರು’ ಎನ್ನುವವಳು, ಇಬ್ಬರೇ ಇದ್ದಾಗ ‘ಮಗ’ ಎನ್ನುತ್ತಾಳೆ. ಹೊಲ ಮಾರುವ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ‘ನಿಮ್ಮಪ್ಪಾರ ಕಾಲ್ದಲ್ಲಿ ಫಾರಂ ಅಂತ ಒಂದಿತ್ತು. ನಮ್ಗೇನದೆ ಮಗ, ಹೋಗು ಅಂದ್ರೆ ಹೋಗೋದು’ ಎಂದಳು. ಹತ್ತು ಗುಂಟೆಯ ಮಾತು ಹೇಳಿದೆ. ಅವಳು ಬಹಳ ಹೊತ್ತು ಏನೂ ಅನ್ನಲಿಲ್ಲ. ಸೆರಗಿನಲ್ಲಿದ್ದ ಸೊಪ್ಪನ್ನು ಬಿಡಿಸುತ್ತ ಕೂತಿದ್ದಳು. ಕೊನೆಗೆ, ನಿನ್ನ ತಮ್ಮಂದಿರು ಒಪ್ಪಿದ್ದಾರಾ ಎಂದು ಕೇಳಿದಳು. ಇನ್ನೂ ಇಲ್ಲ ಎಂದೆ.

ಅಳತೆಗೆ ಸರ್ವೆಯವರಿಗೆ ಅರ್ಜಿ ಕೊಟ್ಟು ಬಂದಿದ್ದೇನೆ. ಹಿಂದಿನ ಬದಿಯಲ್ಲಿ ಈಗ ಹುರುಳಿ ಹೂವಾಗಿದೆ. ಅಳೆಯುವವರು ಯಾವಾಗ ಬಂದರೂ ಸರಿಯೇ, ಹುರುಳಿ ಕಿತ್ತಮೇಲೆ ಬರಲಿ, ಬಳ್ಳಿ ತುಳಿದು ಹಾಳುಮಾಡುತ್ತಾರೆ ಎಂದು ಚಿಕ್ಕವ್ವ ಎರಡು ಸಲ ಹೇಳಿ ಕಳಿಸಿದ್ದಾಳೆ.